ಓದುಗರ ಪ್ರಶ್ನೆ, ನಮ್ಮ ಉತ್ತರ: ಪರದೇಶದಲ್ಲಿ ಉಗ್ರರ ದಾಳಿಯ ಭಯವಿದ್ದಾಗ

ಯಾರಾದರೊಬ್ಬರು ಹೊರದೇಶದಲ್ಲಿಲ್ಲದ ಮನೆ ನಮ್ಮ ಕರಾವಳಿಯಲ್ಲಿ ಕಡಿಮೆ. ಹಾಗಾಗಿಯೇ ಈ ವಿಷಯಕ್ಕೆ ಪ್ರಶ್ನೆ ಕಳಿಸಿ ಎಂದಾಗ ಉಡುಪಿ, ದಕ್ಷಿಣ ಕನ್ನಡದ ಮೂಲೆಮೂಲೆಯಿಂದ ಪತ್ರಗಳು ಬಂದವು. ಹೆಚ್ಚು ಜನರಿಗೆ ಉಪಯೋಗವಾಗುವ ಪ್ರಶ್ನೆಗಳನ್ನು ಆರಿಸಿದ್ದೇವೆ. ಹಲವರು ಹೆಸರು ಬೇಡ ಎಂದಿದ್ದರಿಂದ ಎಲ್ಲರ ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ಮಗಳಿಗೆ ಕೆನ್ಯಾದ ನೈರೋಬಿಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಮಾಲ್ ಮೇಲೆ ದಾಳಿ ಆಗಿತ್ತಲ್ಲ ಎಂದು ನೆಂಟರು ಹೆದರಿಸುತ್ತಿದ್ದಾರೆ. ಒಂದು ದೇಶ ಎಷ್ಟು ಅಪಾಯದ್ದು ಎಂದು ನಮ್ಮಂಥವರು ತಿಳಿಯುವುದು ಹೇಗೆ? (ಬ್ರಹ್ಮಾವರ)

ಉತ್ತರ: ನೆಂಟರು ಹೇಳುತ್ತಿರುವುದು 2013ರ ಸೆಪ್ಟೆಂಬರ್ 21ರಂದು ವೆಸ್ಟ್‌ಗೇಟ್ ಮಾಲ್‌ನಲ್ಲಿ ನಡೆದ ದಾಳಿ. 67 ಮಂದಿ ಸತ್ತರು, ಅವರಲ್ಲಿ ಭಾರತೀಯರೂ ಇದ್ದರು. 2019ರ ಜನವರಿಯಲ್ಲಿ ಅದೇ ನಗರದ ಡುಸಿಟ್ ಹೋಟೆಲ್ ಸಂಕೀರ್ಣಕ್ಕೂ ಬಂದೂಕುಧಾರಿಗಳು ನುಗ್ಗಿದರು. ಎರಡೂ ಸೊಮಾಲಿಯಾದ ಅಲ್-ಶಬಾಬ್ ಗುಂಪಿನ ಕೆಲಸ. ಹಾಗೆಂದು ಕೆನ್ಯಾ ಇಡೀ ಒಂದೇ ತರಹ ಇಲ್ಲ. ಸೊಮಾಲಿಯಾ ಗಡಿಗೆ ತಾಗಿದ ಮಾಂಡೆರಾ, ವಾಜಿರ್, ಗರಿಸ್ಸಾ ಮತ್ತು ಕರಾವಳಿಯ ಲಾಮು ಭಾಗದಲ್ಲಿ ಅಪಾಯ ಬಹಳ ಹೆಚ್ಚು. 2015ರ ಏಪ್ರಿಲ್‌ನಲ್ಲಿ 148 ಜನರನ್ನು ಕೊಂದದ್ದು ಇದೇ ಗರಿಸ್ಸಾದ ವಿಶ್ವವಿದ್ಯಾಲಯದಲ್ಲಿ. ನೈರೋಬಿಯ ದಿನನಿತ್ಯದ ತಲೆನೋವು ಬೇರೆಯೇ: ದರೋಡೆ ಮತ್ತು ರಸ್ತೆ ಅಪಘಾತ.

ಆದ್ದರಿಂದ ನೀವು ಕೇಳಬೇಕಾದದ್ದು ದೇಶದ ಬಗ್ಗೆ ಅಲ್ಲ, ಜಿಲ್ಲೆ ಮತ್ತು ಬೀದಿಯ ಬಗ್ಗೆ. ಮೊದಲು ನಮ್ಮ ವಿದೇಶಾಂಗ ಸಚಿವಾಲಯ ಮತ್ತು ನೈರೋಬಿಯ ಭಾರತೀಯ ಹೈಕಮಿಷನ್ ಏನು ಹೇಳಿವೆ ಎಂದು ಓದಿ. ಬಳಿಕ ಬ್ರಿಟನ್ ಮತ್ತು ಅಮೆರಿಕ ಸರಕಾರಗಳ ಪ್ರಯಾಣ ಸಲಹೆಯನ್ನೂ ನೋಡಿ. ಅವು ಅವರ ಪ್ರಜೆಗಳಿಗಾಗಿ ಬರೆದವು, ಆದರೆ ಯಾರು ಬೇಕಾದರೂ ಓದಬಹುದು. ಅಮೆರಿಕದವರು 1ರಿಂದ 4ರ ತನಕ ಮಟ್ಟ ಕೊಡುತ್ತಾರೆ. 3 ಎಂದರೆ ಹೋಗಬೇಕೇ ಎಂದು ಮತ್ತೊಮ್ಮೆ ಯೋಚಿಸಿ, 4 ಎಂದರೆ ಹೋಗಲೇಬೇಡಿ. ದೇಶಕ್ಕೆ 2 ಇದ್ದು ಅದರೊಳಗಿನ ಒಂದು ಜಿಲ್ಲೆಗೆ 4 ಇರುವುದುಂಟು. ಬ್ರಿಟನ್‌ನವರು ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸುತ್ತಾರೆ. ಪುಟ ಪರಿಷ್ಕರಿಸಿದ ದಿನಾಂಕ ನೋಡುವುದನ್ನು ಮರೆಯಬೇಡಿ.

ಹೈಕಮಿಷನ್‌ನಲ್ಲಿ ಹೆಸರು ನೋಂದಾಯಿಸುವುದು ಹತ್ತು ನಿಮಿಷದ ಕೆಲಸ. ಹೆಚ್ಚಿನವರು ಅದನ್ನೇ ಬಿಡುತ್ತಾರೆ. ಗಲಾಟೆ ಶುರುವಾದಾಗ ಯಾರು ಎಲ್ಲಿದ್ದಾರೆ ಎಂದು ಅಧಿಕಾರಿಗಳು ಹುಡುಕುವುದು ಆ ಪಟ್ಟಿಯಲ್ಲೇ. ಮಗಳಿಗೆ ಮನೆ ಹಿಡಿಯುವಾಗ ಕೆಲಸದ ಜಾಗಕ್ಕೆ ಹತ್ತಿರ ಇರಲಿ. ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ದೂರ ಓಡಾಡುವುದು ದರೋಡೆಗೂ ಅನುಕೂಲ, ಅದಕ್ಕಿಂತ ದೊಡ್ಡ ಕೇಡಿಗೂ ಅನುಕೂಲ.

ಪ್ರಶ್ನೆ: ನಮ್ಮ ಇಗರ್ಜಿಯಿಂದ 40 ಜನರ ತಂಡ ಈಸ್ಟರ್ ಹೊತ್ತಿಗೆ ಶ್ರೀಲಂಕಾಕ್ಕೆ ಹೋಗುತ್ತಿದೆ. ಅರ್ಧದಷ್ಟು ಹಿರಿಯರು. ಜವಾಬ್ದಾರಿ ನನ್ನ ಮೇಲಿದೆ. ಏನೇನು ನೋಡಿಕೊಳ್ಳಬೇಕು? (ಶಿರ್ವ)

ಉತ್ತರ: ಶ್ರೀಲಂಕಾದಲ್ಲಿ 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ನಡೆದದ್ದು ನಿಮಗೆ ಗೊತ್ತೇ ಇದೆ. ಕೊಲಂಬೊದ ಸಂತ ಅಂತೋನಿ, ನೆಗೊಂಬೊದ ಸಂತ ಸೆಬಾಸ್ಟಿಯನ್, ಬಟ್ಟಿಕಲೋವಾದ ಜಿಯಾನ್ ಚರ್ಚ್ ಮತ್ತು ಕೊಲಂಬೊದ ಮೂರು ದೊಡ್ಡ ಹೋಟೆಲುಗಳಲ್ಲಿ ಬೆಳಗ್ಗೆ ಅರ್ಧ ಗಂಟೆಯೊಳಗೆ ಬಾಂಬ್ ಸಿಡಿದವು. ಕರ್ನಾಟಕದವರೂ ಪ್ರಾಣ ಕಳೆದುಕೊಂಡರು. ಈ ದಾಳಿಯಿಂದ ತಂಡ ನಡೆಸುವವರು ಕಲಿಯುವುದು ಬೇಕಾದಷ್ಟಿದೆ. ಹೋಟೆಲಿನ ಬೆಳಗಿನ ಉಪಾಹಾರದ ಸಭಾಂಗಣ ತುಂಬಿರುವ ಹೊತ್ತನ್ನೇ, ಚರ್ಚಿನಲ್ಲಿ ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ಪೂಜೆಯನ್ನೇ ಅವರು ಆರಿಸಿದ್ದರು.

ಹಾಗಾಗಿ ಹಬ್ಬದ ದಿನದ ದೊಡ್ಡ ಪೂಜೆಯ ಬದಲು ಹಿಂದಿನ ಸಂಜೆಯದೋ ಚಿಕ್ಕ ಚರ್ಚಿನದೋ ಪೂಜೆ ಆಗಬಹುದೇ ಎಂದು ಪಾದ್ರಿಗಳಲ್ಲಿ ಮಾತಾಡಿ. ಇಡೀ 40 ಜನ ಒಂದೇ ಕಡೆ ಕೂರಬೇಡಿ. ನಡೆಯಲು ಕಷ್ಟವಾದವರನ್ನು ಪಕ್ಕದ ಬಾಗಿಲಿನ ಹತ್ತಿರದ ಬೆಂಚಿನಲ್ಲಿ ಕೂರಿಸಿ. ಪೂಜೆ ಮುಗಿದ ಕೂಡಲೇ ಮುಖ್ಯ ದ್ವಾರದಲ್ಲಿ ಗುಂಪಾಗಿ ನಿಂತು ಫೋಟೊ ತೆಗೆಯುವ ಅಭ್ಯಾಸ ನಮ್ಮವರಿಗಿದೆ, ಅದನ್ನು ಬಿಡಿಸಿ. ಗೇಟಿನಲ್ಲಿ ಚೀಲ ತಪಾಸಣೆ ಮಾಡಿದರೆ ಬೇಸರ ಬೇಡ. ತಪಾಸಣೆಗೆ ನಿಂತ ಸಾಲೇ ಉದ್ದವಾಗಿದ್ದರೆ ಸ್ವಲ್ಪ ದೂರದಲ್ಲಿ ಕಾದು, ಸಾಲು ಕರಗಿದ ಮೇಲೆ ಹೋಗಿ.

ಹೋಟೆಲಿನಲ್ಲಿ 3ರಿಂದ 6ನೇ ಮಹಡಿಯ ಒಳಗೆ, ಮುಖ್ಯ ರಸ್ತೆಗೆ ಮುಖ ಮಾಡದ ಕೋಣೆ ಕೇಳಿ. ನೆಲಮಹಡಿ ಮತ್ತು ಒಂದನೇ ಮಹಡಿ ಬೀದಿಯ ಸ್ಫೋಟಕ್ಕೂ ನುಗ್ಗಿ ಬರುವವರಿಗೂ ಹತ್ತಿರ. ತೀರಾ ಮೇಲಿದ್ದರೆ ಬೆಂಕಿ ಬಿದ್ದಾಗ ಅಗ್ನಿಶಾಮಕದವರ ಏಣಿ ಮುಟ್ಟುವುದಿಲ್ಲ. ಕೋಣೆಗೆ ಹೋದ ತಕ್ಷಣ ಮಾಡುವ ಕೆಲಸ ಒಂದಿದೆ: ನಿಮ್ಮ ಬಾಗಿಲಿನಿಂದ ತುರ್ತು ಮೆಟ್ಟಿಲಿನ ತನಕ ಎಷ್ಟು ಬಾಗಿಲು ಬರುತ್ತದೆ ಎಂದು ಎಣಿಸಿ, ಆ ಮೆಟ್ಟಿಲು ಇಳಿದು ಕೆಳಗಿನ ಬಾಗಿಲು ತೆರೆಯುತ್ತದೆಯೇ ಎಂದು ನೋಡಿ ಬನ್ನಿ. ಬೀಗ ಹಾಕಿಟ್ಟ ತುರ್ತು ಬಾಗಿಲುಗಳು ಏಷ್ಯಾದ ಎಷ್ಟೋ ಹೋಟೆಲುಗಳಲ್ಲಿ ಸಿಗುತ್ತವೆ. ಹಾಗಿದ್ದರೆ ಮ್ಯಾನೇಜರನ್ನು ಕರೆದು ತೆರೆಸಿ, ತೆರೆಯದಿದ್ದರೆ ಹೋಟೆಲು ಬದಲಿಸಿ. ಕತ್ತಲೆ, ಹೊಗೆ ತುಂಬಿದಾಗ ಗೋಡೆ ಸವರಿಕೊಂಡು ಬಾಗಿಲು ಎಣಿಸುತ್ತಾ ಹೋಗಬಹುದು. 2008ರ ನವೆಂಬರ್ 26ರಂದು ಮುಂಬಯಿಯ ತಾಜ್‌ನಲ್ಲಿ ಗುಂಡಿನ ಜತೆ ಬೆಂಕಿ, ಹೊಗೆಯೂ ಜನರನ್ನು ಕಾಡಿತ್ತು.

ತಂಡವನ್ನು 8 ಜನರ 5 ಗುಂಪು ಮಾಡಿ, ಪ್ರತಿ ಗುಂಪಿಗೆ ಒಬ್ಬರನ್ನು ಹೊಣೆ ಮಾಡಿ. ಅವರ ಕೈಯಲ್ಲಿ ಕಾಗದದಲ್ಲಿ ಬರೆದ ಪಟ್ಟಿ ಇರಲಿ: ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ರಕ್ತದ ಗುಂಪು, ದಿನಾ ತೆಗೆದುಕೊಳ್ಳುವ ಮಾತ್ರೆ, ಊರಿನ ಒಂದು ಫೋನ್ ನಂಬರ್. ಮೊಬೈಲಿನಲ್ಲಿ ಇದೆ ಎಂದರೆ ಸಾಲದು. ಪ್ರತಿ ಜಾಗದಲ್ಲೂ ಬಸ್ಸಿನಿಂದ ಇಳಿಯುವ ಮೊದಲೇ, ಚದುರಿ ಹೋದರೆ ಎಲ್ಲಿ ಸೇರುವುದು ಎಂದು ಹೇಳಿ. ಬಸ್ಸು ನಿಂತ ಜಾಗವನ್ನೇ ಹೇಳಬೇಡಿ, ಪೊಲೀಸರು ಮೊದಲು ತೆರವು ಮಾಡಿಸುವುದು ಅಲ್ಲಿಂದಲೇ. ಸ್ವಲ್ಪ ದೂರದ, ಎಲ್ಲರಿಗೂ ಕಾಣುವ ಒಂದು ಕಟ್ಟಡ ಇರಲಿ, ಅದಾಗದಿದ್ದರೆ ಎರಡನೆಯದು ಹೋಟೆಲು. ಶ್ರೀಲಂಕಾದಲ್ಲಿ ಪೊಲೀಸ್ 119, ಆ್ಯಂಬುಲೆನ್ಸ್ 1990. ಎಲ್ಲರ ಕೈಯಲ್ಲಿ ಬರೆದುಕೊಡಿ. 2019ರ ದಾಳಿಯ ಬಳಿಕ ಅಲ್ಲಿನ ಸರಕಾರ ಫೇಸ್‌ಬುಕ್, ವಾಟ್ಸ್ಆ್ಯಪ್ ಎಲ್ಲವನ್ನೂ ಕೆಲ ದಿನ ಬಂದ್ ಮಾಡಿತ್ತು. ಸಾಮಾನ್ಯ ಎಸ್ಎಂಎಸ್ ಹೋಗುವಂಥ ಸ್ಥಳೀಯ ಸಿಮ್ ಗುಂಪಿಗೆ ಒಂದಾದರೂ ಬೇಕು.

ಪ್ರಶ್ನೆ: ತಂಗಿ ಇಸ್ರೇಲಿನಲ್ಲಿ ಕೇರ್‌ಗಿವರ್. ನೋಡಿಕೊಳ್ಳುವ ಅಜ್ಜಿಗೆ 88 ವರ್ಷ, ಹಾಸಿಗೆಯಿಂದ ಏಳುವುದಿಲ್ಲ. ಸೈರನ್ ಆದರೆ ಅಜ್ಜಿಯನ್ನು ಬಿಟ್ಟು ಓಡಲಾಗುವುದಿಲ್ಲ ಎನ್ನುತ್ತಾಳೆ. ಏನು ಮಾಡುವುದು? (ಕಲ್ಯಾಣಪುರ)

ಉತ್ತರ: ನಿಮ್ಮ ತಂಗಿಯ ಸ್ಥಿತಿಯಲ್ಲಿ ನಮ್ಮ ಕರಾವಳಿಯ ಎಷ್ಟೋ ಹೆಣ್ಣುಮಕ್ಕಳಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಉತ್ತರ ಸೈರನ್ ಆದ ಮೇಲೆ ಮಾಡುವುದರಲ್ಲಿಲ್ಲ, ಅದಕ್ಕಿಂತ ಮೊದಲೇ ಹಾಸಿಗೆ ಎಲ್ಲಿ ಹಾಕುತ್ತೀರಿ ಎಂಬುದರಲ್ಲಿದೆ.

ಸೈರನ್ ಎಂದರೆ ರಾಕೆಟ್ ಬರುತ್ತಿದೆ ಎಂಬ ಎಚ್ಚರಿಕೆ. ರಾಕೆಟ್ ಹಾರಿದ ಜಾಗ ಹತ್ತಿರವಾದಷ್ಟು ಅಡಗಲು ಸಿಗುವ ಸಮಯ ಕಡಿಮೆ. ಗಾಜಾ ಗಡಿಯ ಸ್ದೆರೋತ್‌ನಲ್ಲಿ 15 ಸೆಕೆಂಡು, ಟೆಲ್ ಅವೀವ್ ಕಡೆ 90 ಸೆಕೆಂಡು ಎಂಬುದು ಗಾಜಾದ ರಾಕೆಟ್‌ಗಳಿಗೆ ಲೆಕ್ಕ. 90 ಸೆಕೆಂಡಿನಲ್ಲಿಯೂ ಹಾಸಿಗೆ ಹಿಡಿದವರನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗಲು ಒಬ್ಬರಿಂದ ಆಗುವುದಿಲ್ಲ. 1990ರ ದಶಕದ ಆರಂಭದಿಂದ ಕಟ್ಟಿದ ಮನೆಗಳಲ್ಲಿ ಮಮಾದ್ ಎಂಬ ಕಾಂಕ್ರೀಟಿನ ಭದ್ರ ಕೋಣೆ ಇರುತ್ತದೆ. ಅಜ್ಜಿಯ ಮಂಚವನ್ನು ಖಾಯಂ ಆಗಿ ಅದರೊಳಗೇ ಹಾಕಬೇಕು. ಮನೆಯವರು ಅದನ್ನು ಉಗ್ರಾಣ ಮಾಡಿಕೊಂಡಿದ್ದರೆ ಖಾಲಿ ಮಾಡಿಸಿಕೊಡಿ ಎಂದು ತಂಗಿ ಗಟ್ಟಿಯಾಗಿಯೇ ಕೇಳಲಿ. ಇದು ಅವರ ತಾಯಿಯ ಜೀವದ ಮಾತು, ತಂಗಿಯ ಜೀವದ ಮಾತೂ ಹೌದು. ಗಾಲಿಕುರ್ಚಿ ಆ ಬಾಗಿಲಲ್ಲಿ ಹೋಗುತ್ತದೆಯೇ, ಹೊಸ್ತಿಲು ಎತ್ತರ ಇದ್ದು ತಡೆಯುತ್ತದೆಯೇ ಎಂದು ಅಳೆದು, ಬೇಕಿದ್ದರೆ ಒಂದು ಹಲಗೆಯ ಇಳಿಜಾರು ಹಾಕಿಸಿ.

ಮಮಾದ್‌ನ ಕಿಟಕಿಗೆ ಗಾಜಿನ ಹೊರಗೆ ಉಕ್ಕಿನ ಫಲಕ ಇರುತ್ತದೆ. ಗಾಳಿಗೆಂದು ಅದನ್ನು ತೆರೆದಿಟ್ಟು ಮರೆತರೆ ಕೋಣೆ ಇದ್ದೂ ಇಲ್ಲದಂತೆ. ಬಹಳ ದಿನ ಎಳೆಯದೆ ಬಿಟ್ಟರೆ ಅದು ಬಿಗಿದುಕೊಳ್ಳುತ್ತದೆ, ವಾರಕ್ಕೊಮ್ಮೆ ಎಳೆದು ನೋಡಲಿ. ಬಾಗಿಲಿನ ಹಿಡಿಯನ್ನು ಪೂರ್ತಿ ತಿರುಗಿಸಿದರೆ ಮಾತ್ರ ಅದು ಬಿಗಿಯಾಗುವುದು. ಇನ್ನೊಂದು ವಿಷಯ ಅಲ್ಲಿ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕು. ಈ ಕೋಣೆಯನ್ನು ಮಾಡಿದ್ದು ಸ್ಫೋಟಕ್ಕೆ, ಒಳನುಗ್ಗುವವರಿಗಲ್ಲ. 2023ರ ಅಕ್ಟೋಬರ್ 7ರಂದು ಗಡಿಯ ಊರುಗಳಲ್ಲಿ ಬಾಗಿಲನ್ನು ಒಳಗಿನಿಂದ ಬೀಗ ಹಾಕಲಾಗದೆ ಜನ ಗಂಟೆಗಟ್ಟಲೆ ಹಿಡಿ ಹಿಡಿದು ನಿಂತರು. ಹಿಡಿ ತಿರುಗದಂತೆ ಒಳಗಿನಿಂದ ತಡೆಯುವ ಸಾಧನಗಳಿವೆ, ಮನೆಯವರಲ್ಲಿ ಹೇಳಿ ಹಾಕಿಸಲಿ.

ಒಳಗೆ ತಲೆಗೆ ದಿನಕ್ಕೆ 3 ಲೀಟರಿನಂತೆ ನೀರು, ಅಜ್ಜಿಯ ಮಾತ್ರೆ, ಡಯಾಪರ್, ಟಾರ್ಚ್, ಪವರ್‌ಬ್ಯಾಂಕ್, ತಂಗಿಯ ಪಾಸ್‌ಪೋರ್ಟ್ ಮತ್ತು ವೀಸಾ ಇರಲಿ. ಆಮ್ಲಜನಕದ ಯಂತ್ರ ಇದ್ದರೆ ಕರೆಂಟು ಹೋದಾಗ ಎಷ್ಟು ಹೊತ್ತು ನಡೆಯುತ್ತದೆ ಎಂದು ಈಗಲೇ ಕೇಳಿಕೊಳ್ಳಬೇಕು.

ಹಳೆಯ ಕಟ್ಟಡ, ಮಮಾದ್ ಇಲ್ಲ ಎಂದಾದರೆ? ಹೊರಗೋಡೆ ಮತ್ತು ಕಿಟಕಿಗೆ ದೂರದ ಒಳಕೋಣೆ ಅಥವಾ ಒಳಗಿನ ಮೆಟ್ಟಿಲ ಜಾಗ. ಟೈಲ್ಸ್ ಹಾಕಿದ ಬಚ್ಚಲು, ಅಡುಗೆಮನೆ ಬೇಡ, ಚೂರುಗಳು ಸಿಡಿಯುತ್ತವೆ. ತಂಗಿ ಅಲ್ಲಿನ ಸೇನೆಯ ನಾಗರಿಕ ರಕ್ಷಣಾ ವಿಭಾಗವಾದ ಹೋಮ್ ಫ್ರಂಟ್ ಕಮಾಂಡ್‌ನ ಆ್ಯಪ್ ಹಾಕಿಕೊಳ್ಳಲಿ, ಇಂಗ್ಲಿಷಿನಲ್ಲೂ ಇದೆ. ಅವರ ಫೋನ್ 104, ಪೊಲೀಸ್ 100, ಆ್ಯಂಬುಲೆನ್ಸ್ 101. ಸದ್ದು ನಿಂತಿತೆಂದು ಹೊರಗೆ ಬರಬಾರದು, ಬರಬಹುದು ಎಂಬ ಸೂಚನೆ ಬರುವ ತನಕ ಒಳಗೇ. ಟೆಲ್ ಅವೀವ್‌ನ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಣಿ ಆಗಿದೆಯೇ ಎಂದು ಇವತ್ತೇ ಫೋನ್ ಮಾಡಿ ಕೇಳಿ. 2023ರ ಅಕ್ಟೋಬರ್‌ನಲ್ಲಿ ಭಾರತೀಯರನ್ನು ಊರಿಗೆ ಕರೆತಂದ ಆಪರೇಷನ್ ಅಜಯ್‌ನ ವಿಮಾನಗಳಿಗೆ ಜನರನ್ನು ಕರೆದದ್ದು ನೋಂದಣಿ ನೋಡಿಯೇ.

ಪ್ರಶ್ನೆ: ಆರು ತಿಂಗಳಿಗೆ ಜರ್ಮನಿಗೆ ಓದಲು ಹೋಗುತ್ತಿದ್ದೇನೆ. ಎದುರಿಗೇ ಗುಂಡು ಹಾರಿದರೆ ಅಥವಾ ಬಾಂಬ್ ಸಿಡಿದರೆ ಮೊದಲು ಏನು ಮಾಡಬೇಕು? (ಮಣಿಪಾಲ)

ಉತ್ತರ: ಮೊದಲು ಅಲ್ಲಿಂದ ಹೊರಡಬೇಕು. ಬ್ರಿಟನ್ ಪೊಲೀಸರು ಇದನ್ನು ಮೂರು ಮಾತಿನಲ್ಲಿ ಕಲಿಸುತ್ತಾರೆ: ಓಡಿ, ಅಡಗಿ, ತಿಳಿಸಿ. ಕ್ರಮವೂ ಅದೇ. ಜನ ಸಾಯುವುದಕ್ಕೆ ಒಂದು ದೊಡ್ಡ ಕಾರಣ, ಶಬ್ದ ಕೇಳಿದಾಗ ಪಟಾಕಿ ಇರಬಹುದು ಎಂದು ನಿಂತು ನೋಡುವುದು. ಪಕ್ಕದವರು ಓಡದಿದ್ದರೆ ನಾವೂ ಓಡುವುದಿಲ್ಲ. ಪಟಾಕಿಯೇ ಆಗಿದ್ದರೆ ನಿಮಗೆ ನಷ್ಟ ಎರಡು ನಿಮಿಷ. ಕಿಟಕಿಗೆ ಬಂದು ಇಣುಕುವುದು ಅದಕ್ಕಿಂತ ಕೆಟ್ಟದ್ದು. 2020ರ ಆಗಸ್ಟ್ 4ರಂದು ಬೈರುತ್ ಬಂದರಿನಲ್ಲಿ ಬೆಂಕಿ ಕಂಡು ಕಿಟಕಿಯಲ್ಲಿ ನಿಂತು ನೋಡುತ್ತಿದ್ದವರಿಗೆ ದೊಡ್ಡ ಸ್ಫೋಟದ ಗಾಜು ಬಡಿಯಿತು. ಅದು ಉಗ್ರರ ಕೃತ್ಯವಲ್ಲ, ಆದರೆ ಗಾಜಿಗೆ ಆ ಭೇದ ಗೊತ್ತಿಲ್ಲ.

ಓಡುವಾಗ ಚೀಲ, ಲ್ಯಾಪ್‌ಟಾಪ್ ಬಿಟ್ಟುಬಿಡಿ. ಬಂದ ಬಾಗಿಲಿನ ಕಡೆಗೇ ಎಲ್ಲರೂ ನುಗ್ಗುತ್ತಾರೆ. ಅಡುಗೆಮನೆಯ ಹಿಂಬಾಗಿಲು, ಅಂಗಡಿಗಳ ಸರಕು ಇಳಿಸುವ ಬಾಗಿಲು ನೋಡಿ. ಲಿಫ್ಟ್ ಬೇಡ. ಗೆಳೆಯ ಬರುವುದಿಲ್ಲ ಎಂದು ಹಟ ಹಿಡಿದರೆ ಒಮ್ಮೆ ಕರೆಯಿರಿ, ಮತ್ತೆ ನೀವು ಹೊರಡಿ. ಕೇಳಲು ಕಠೋರ, ಆದರೆ ನಿಂತರೆ ಇಬ್ಬರೂ ಹೋಗುತ್ತೀರಿ.

ಓಡಲಾಗದಿದ್ದರೆ ಅಡಗಬೇಕು. ಕಣ್ಣಿಗೆ ಮರೆಯಾಗುವುದು ಬೇರೆ, ಗುಂಡಿಗೆ ತಡೆಯಾಗುವುದು ಬೇರೆ. ಸೋಫಾ, ಪ್ಲೈವುಡ್ ಮೇಜು, ಕಾರಿನ ಬಾಗಿಲು ಗುಂಡನ್ನು ತಡೆಯುವುದಿಲ್ಲ. ದಪ್ಪ ಇಟ್ಟಿಗೆ ಗೋಡೆ, ಕಾಂಕ್ರೀಟ್ ಕಂಬ, ಕಾರಾದರೆ ಎಂಜಿನ್ ಇರುವ ಮುಂಭಾಗ ತಡೆಯುತ್ತವೆ. ಕೋಣೆ ಸೇರಿದರೆ ಚಿಲಕ ಹಾಕಿ, ಭಾರದ ಸಾಮಾನು ಅಡ್ಡ ಎಳೆದು, ದೀಪ ಆರಿಸಿ, ಬಾಗಿಲಿನ ನೇರಕ್ಕೆ ಕೂರದೆ ಪಕ್ಕದ ಗೋಡೆಗೆ ಒರಗಿ ಕುಳಿತುಕೊಳ್ಳಿ. ಫೋನ್ ಸೈಲೆಂಟ್ ಮಾಡಿದರೆ ಸಾಲದು, ವೈಬ್ರೇಶನ್ ಕೂಡ ತೆಗೆಯಿರಿ. ಟೈಲ್ಸ್ ನೆಲದ ಮೇಲಿಟ್ಟ ಫೋನ್ ಅದುರುವ ಸದ್ದು ಬಾಗಿಲಾಚೆಗೆ ಕೇಳುತ್ತದೆ.

ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲಿ ತುರ್ತು ನಂಬರ್ 112. ಎಲ್ಲಿದ್ದೀರಿ, ಎಷ್ಟು ಜನ ದಾಳಿಕೋರರನ್ನು ಕಂಡಿರಿ, ಯಾವ ಕಡೆ ಹೋದರು, ಕೈಯಲ್ಲಿ ಏನಿತ್ತು, ಇಷ್ಟೇ ಹೇಳಿ. ಮುಂದೆ ಬ್ರಿಟನ್ನಿಗೆ ಹೋದರೆ, ಅಲ್ಲಿ ಮಾತಾಡಲಾಗದ ಸ್ಥಿತಿಯಲ್ಲಿ ಮೊಬೈಲಿನಿಂದ 999ಕ್ಕೆ ಕರೆ ಮಾಡಿ, ಕೇಳಿದಾಗ 55 ಒತ್ತಿದರೆ ಕರೆಯನ್ನು ಪೊಲೀಸರಿಗೆ ದಾಟಿಸುತ್ತಾರೆ. ಪೊಲೀಸರು ಒಳಬಂದಾಗ ಅವರತ್ತ ಓಡಬೇಡಿ. ಕೈಯಲ್ಲಿ ಫೋನ್ ಕೂಡ ಇರಬಾರದು, ಎರಡೂ ಅಂಗೈ ಬಿಚ್ಚಿ ಮೇಲೆತ್ತಿ, ಹೇಳಿದ್ದನ್ನು ಮಾಡಿ. ನೀವು ಯಾರೆಂದು ಅವರಿಗೆ ಆ ಕ್ಷಣ ಗೊತ್ತಿರುವುದಿಲ್ಲ. ಅವರು ಗಾಯಾಳುಗಳನ್ನು ದಾಟಿ ಹೋಗಬಹುದು. ಮೊದಲ ತಂಡದ ಕೆಲಸ ದಾಳಿಕೋರನನ್ನು ನಿಲ್ಲಿಸುವುದು.

ಬಾಂಬ್ ಸಿಡಿದ ಮೇಲೆ ಸಹಾಯಕ್ಕೆಂದು, ನೋಡಲಿಕ್ಕೆಂದು ಸೇರಬೇಡಿ. 2002ರಲ್ಲಿ ಬಾಲಿಯಲ್ಲಿ ಮೊದಲ ಬಾಂಬಿಗೆ ಹೆದರಿ ಜನ ಬೀದಿಗೆ ಬಂದಾಗ ಎದುರಿನ ವಾಹನದಲ್ಲಿದ್ದ ಎರಡನೆಯ, ದೊಡ್ಡ ಬಾಂಬ್ ಸಿಡಿಯಿತು. 202 ಜನ ಸತ್ತರು. ನಿಂತ ವಾಹನ, ಕಸದ ಡಬ್ಬಿ, ಗಾಜಿನ ಕಟ್ಟಡಗಳಿಂದ ದೂರ ನಡೆಯಿರಿ.

ಜರ್ಮನಿಯಲ್ಲಿ ನೀವು ಗಮನಿಸಬೇಕಾದ ಇನ್ನೊಂದು ಬಗೆ ವಾಹನ ನುಗ್ಗಿಸುವುದು. 2016ರ ಡಿಸೆಂಬರ್‌ನಲ್ಲಿ ಬರ್ಲಿನ್, 2024ರ ಡಿಸೆಂಬರ್ 20ರಂದು ಮಾಗ್ಡೆಬುರ್ಗ್, ಎರಡೂ ಕ್ರಿಸ್ಮಸ್ ಸಂತೆಗಳೇ. ಮಾಗ್ಡೆಬುರ್ಗ್‌ನಲ್ಲಿ ಭಾರತೀಯರಿಗೂ ಗಾಯವಾಯಿತು. ಸಂತೆಗೆ ಹೋಗಬೇಡಿ ಎನ್ನುವುದಿಲ್ಲ. ಕಾಂಕ್ರೀಟ್ ತಡೆಗಳಿರುವ ಕಡೆಯಿಂದ ಒಳಹೋಗಿ, ಅಂಗಡಿ ಸಾಲಿನ ಒಳಬದಿಯಲ್ಲಿ ನಡೆಯಿರಿ, ಹೆಡ್‌ಫೋನ್ ತೆಗೆಯಿರಿ. ವಾಹನ ನುಗ್ಗಿದರೆ ಅದು ಹೋಗುವ ದಾರಿಯಲ್ಲೇ ಮುಂದಕ್ಕೆ ಓಡಬೇಡಿ, ಅಡ್ಡಕ್ಕೆ ಹಾರಿ ಕಂಬದ ಅಥವಾ ಕಟ್ಟೆಯ ಹಿಂದೆ ಸೇರಿ. 2016ರ ಜುಲೈ 14ರಂದು ಫ್ರಾನ್ಸಿನ ನೀಸ್‌ನಲ್ಲಿ ಲಾರಿ ಸಮುದ್ರ ದಂಡೆಯ ಉದ್ದದ ದಾರಿಯಲ್ಲೇ ಜನರ ಮೇಲೆ ಹರಿಯುತ್ತಾ ಹೋಗಿ 86 ಜನರನ್ನು ಕೊಂದಿತು.

ಪ್ರಶ್ನೆ: ಅಂಥ ಹೊತ್ತಿನಲ್ಲಿ ರಕ್ತ ಸುರಿಯುತ್ತಿರುವವರಿಗೆ ಡಾಕ್ಟರ್ ಅಲ್ಲದವರು ಏನಾದರೂ ಮಾಡಬಹುದೇ? (ಪುತ್ತೂರು)

ಉತ್ತರ: ಖಂಡಿತ. ದೊಡ್ಡ ರಕ್ತನಾಳ ಕಡಿದರೆ ಐದು ನಿಮಿಷದೊಳಗೆ ಜೀವ ಹೋಗಬಹುದು, ಆ್ಯಂಬುಲೆನ್ಸ್ ಅಷ್ಟರಲ್ಲಿ ಬರುವುದಿಲ್ಲ. ಮೊದಲು ನೀವಿರುವ ಜಾಗ ಸುರಕ್ಷಿತವೇ ನೋಡಿ. ಬಟ್ಟೆ ಹರಿದು ಗಾಯ ಎಲ್ಲಿದೆ ಎಂದು ಕಾಣುವಂತೆ ಮಾಡಿ. ಶುದ್ಧ ಬಟ್ಟೆ ಇಟ್ಟು ಎರಡೂ ಕೈಯಿಂದ, ಮೊಣಕೈ ಮಡಚದೆ, ಮೈಭಾರ ಹಾಕಿ ಒತ್ತಿ. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಿದರೆ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತುಬರುತ್ತದೆ.

ಕೈಕಾಲಿನ ಗಾಯಕ್ಕೆ ಒತ್ತಿದರೂ ನಿಲ್ಲದಿದ್ದರೆ ಕಟ್ಟು ಹಾಕಬೇಕು. ನಮ್ಮ ಬೈರಾಸು (ತೆಳು ಟವೆಲು) ಇದಕ್ಕೆ ಒಳ್ಳೆಯ ವಸ್ತು. ಉದ್ದಕ್ಕೆ ಮಡಚಿ ಸುಮಾರು 5 ಸೆಂ.ಮೀ. ಅಗಲದ ಪಟ್ಟಿ ಮಾಡಿ. ಗಾಯಕ್ಕಿಂತ 5ರಿಂದ 8 ಸೆಂ.ಮೀ. ಮೇಲೆ, ಅಂದರೆ ಎದೆಯ ಕಡೆಗೆ, ಎರಡು ಸುತ್ತು ಸುತ್ತಿ ಒಂದು ಗಂಟು ಹಾಕಿ. ಮೊಣಕಾಲು, ಮೊಣಕೈ ಸಂದಿನ ಮೇಲೆ ಬೇಡ, ಸಂದಿಗಿಂತ ಮೇಲೆ ಹಾಕಿ. ಗಂಟಿನ ಮೇಲೆ ಗಟ್ಟಿ ಕೋಲು ಅಥವಾ ಉಕ್ಕಿನ ಸೌಟಿನ ಹಿಡಿ ಇಟ್ಟು ಇನ್ನೊಂದು ಗಂಟು ಹಾಕಿ, ಕೋಲನ್ನು ತಿರುಗಿಸುತ್ತಾ ಹೋಗಿ. ಪೆನ್ನು, ಪೆನ್ಸಿಲ್ ಮುರಿದುಹೋಗುತ್ತದೆ. ರಕ್ತ ನಿಲ್ಲುವ ತನಕ ತಿರುಗಿಸಿ. ಗಾಯಾಳು ನೋವಿಗೆ ಕೂಗುತ್ತಾರೆ, ಅರ್ಧಕ್ಕೆ ಬಿಡಬೇಡಿ. ಸಡಿಲ ಕಟ್ಟು ಕಟ್ಟದೇ ಇದ್ದುದಕ್ಕಿಂತ ಕೆಟ್ಟದು: ಒಳಗೆ ಹೋಗುವ ರಕ್ತ ಹೋಗುತ್ತಲೇ ಇರುತ್ತದೆ, ಮರಳುವ ದಾರಿ ಮಾತ್ರ ಮುಚ್ಚಿ ಗಾಯದಿಂದ ಇನ್ನಷ್ಟು ಸುರಿಯುತ್ತದೆ. ನಿಂತ ಮೇಲೆ ಕೋಲು ಜಾರದಂತೆ ಕಟ್ಟಿ, ಗಂಟೆ ಎಷ್ಟೆಂದು ಅವರ ಹಣೆಯ ಮೇಲೆಯೇ ಬರೆಯಿರಿ. ಮತ್ತೆ ಸಡಿಲಿಸಬೇಡಿ, ಆ ಕೆಲಸ ಆಸ್ಪತ್ರೆಯವರದು. ಶೂ ಲೇಸ್, ವಯರ್ ಬಳಸಬೇಡಿ, ಚರ್ಮ ಕೊಯ್ಯುತ್ತದೆ.

ಕಂಕುಳು, ತೊಡೆಸಂದಿಗೆ ಕಟ್ಟು ಹಾಕಲು ಬರುವುದಿಲ್ಲ. ಅಲ್ಲಿ ಬಟ್ಟೆಯನ್ನು ಗಾಯದ ಆಳಕ್ಕೆ ತುರುಕಿ ತುಂಬಿ ಮೇಲಿನಿಂದ ಒತ್ತಿ ಹಿಡಿಯಬೇಕು. ಎದೆ, ಹೊಟ್ಟೆಯ ಗಾಯಕ್ಕೆ ಏನನ್ನೂ ತುರುಕಬಾರದು. ಚುಚ್ಚಿಕೊಂಡ ಗಾಜು, ಕಬ್ಬಿಣ ಕೀಳಬಾರದು. ಮಲಗಿಸಿ, ಹೊದಿಸಿ, ಬೆಚ್ಚಗಿಡಿ. ನೀರು ಕೇಳಿದರೂ ಕೊಡಬೇಡಿ, ಆಪರೇಷನ್ ಆಗಬೇಕಾಗಬಹುದು. ಹೊರಡುವ ಮೊದಲು ಮನೆಯಲ್ಲೇ ಒಂದು ಸಂಜೆ ಯಾರದಾದರೂ ತೊಡೆಗೆ ಸುತ್ತಿ ಕೋಲು ತಿರುಗಿಸುವುದನ್ನು ಅಭ್ಯಾಸ ಮಾಡಿ, ಬಿಗಿ ಮಾತ್ರ ಮಾಡಬೇಡಿ.

ಪ್ರಶ್ನೆ: ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಫ್ಯಾಕ್ಟರಿ ಕೆಲಸ, ಗಲ್ಫ್‌ನ ಎರಡರಷ್ಟು ಸಂಬಳ, ಎಮಿಗ್ರೇಷನ್ ಕ್ಲಿಯರೆನ್ಸ್ ಕೂಡ ಬೇಡ ಎನ್ನುತ್ತಿದ್ದಾರೆ ಏಜೆಂಟರು. ಹೋಗಬಹುದೇ? (ಬಂಟ್ವಾಳ)

ಉತ್ತರ: ಈಗಿನ ಸ್ಥಿತಿಯಲ್ಲಿ ಬೇಡ. 2025ರ ಜುಲೈ 1ರಂದು ಮಾಲಿಯ ಕಾಯ್ಸ್ ಎಂಬಲ್ಲಿನ ಸಿಮೆಂಟ್ ಕಾರ್ಖಾನೆಗೆ ಶಸ್ತ್ರಧಾರಿಗಳು ನುಗ್ಗಿ ಮೂವರು ಭಾರತೀಯರನ್ನು ಹೊತ್ತೊಯ್ದರು. ಅದೇ ತಿಂಗಳು ನೆರೆಯ ನೈಜರ್‌ನ ದೊಸ್ಸೊದಲ್ಲಿ ದಾಳಿಗೆ ಇಬ್ಬರು ಭಾರತೀಯರು ಸತ್ತರು, ಒಬ್ಬರ ಅಪಹರಣವಾಯಿತು. ಅಲ್ಲಿ ಅಲ್-ಖೈದಾ ಮತ್ತು ಐಸಿಸ್ ನಂಟಿನ ಗುಂಪುಗಳಿಗೆ ವಿದೇಶಿ ಕೆಲಸಗಾರ ಎಂದರೆ ಹಣದ ಗಂಟು. ದೊಡ್ಡ ಸಾಹೇಬರಿಗೆ ಬೆಂಗಾವಲು ಇರುತ್ತದೆ, ಕಾರ್ಖಾನೆಯ ಹೊರಗೆ ಬಾಡಿಗೆ ಮನೆಯಲ್ಲಿರುವ ಫಿಟ್ಟರ್, ವೆಲ್ಡರಿಗೆ ಇರುವುದಿಲ್ಲ.

ಕ್ಲಿಯರೆನ್ಸ್ ಎಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗಲು ಸರಕಾರ ಕೊಡುವ ಅನುಮತಿ. ಅದು ಬೇಡ ಎಂಬುದು ನಿಜ, ಆದರೆ ಅದು ಸುರಕ್ಷಿತ ಎಂಬುದಕ್ಕೆ ಸಾಕ್ಷಿ ಅಲ್ಲ. ಹತ್ತನೆಯ ತರಗತಿ ಆಗದವರ ಪಾಸ್‌ಪೋರ್ಟಿಗೆ ಕ್ಲಿಯರೆನ್ಸ್ ಕೇಳುವ ಪಟ್ಟಿಯಲ್ಲಿ 18 ದೇಶಗಳಿವೆ, ಹೆಚ್ಚಿನವು ಗಲ್ಫ್ ಮತ್ತು ಅದರ ಸುತ್ತಿನವು. ಮಾಲಿ ಅದರಲ್ಲಿಲ್ಲ. ಅಂದರೆ ನಿಮ್ಮ ಕರಾರುಪತ್ರವನ್ನು ಸರಕಾರದ ಕಡೆಯಿಂದ ಯಾರೂ ನೋಡಿರುವುದಿಲ್ಲ. ಪಟ್ಟಿಯ ದೇಶಗಳಿಗೆ ಆ ಪಾಸ್‌ಪೋರ್ಟಿನಲ್ಲಿ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ, ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ 10 ಲಕ್ಷದ ಅಪಘಾತ ವಿಮೆ. ನಿಮಗೆ ಅದೂ ತಾನಾಗಿ ಬರುವುದಿಲ್ಲ.

ಯಾವ ದೇಶವೇ ಇರಲಿ, ಇಂಥ ಕೆಲಸಕ್ಕೆ ಸಹಿ ಹಾಕುವ ಮೊದಲು ಬರಹದಲ್ಲಿ ಕೇಳಿ: ವಸತಿ ಕಾಂಪೌಂಡಿನ ಒಳಗೋ ಹೊರಗೋ, ವಿಮಾನ ನಿಲ್ದಾಣದಿಂದ ರಸ್ತೆ ಪ್ರಯಾಣ ಎಷ್ಟು ಗಂಟೆ, ರಾತ್ರಿ ಪ್ರಯಾಣ ಇದೆಯೇ, ಪರಿಸ್ಥಿತಿ ಕೆಟ್ಟರೆ ವಾಪಸ್ ಟಿಕೆಟ್ ಯಾರದು, ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ. ಉತ್ತರ ಬರಹದಲ್ಲಿ ಕೊಡದ ಏಜೆಂಟರನ್ನು ಅಲ್ಲಿಗೇ ಬಿಡಿ. ಇರಾಕಿನ ಮೋಸುಲ್‌ನಲ್ಲಿ 2014ರಲ್ಲಿ ಐಸಿಸ್ ಕೈಗೆ ಸಿಕ್ಕಿ ಸತ್ತ 39 ಭಾರತೀಯರು ದುಡಿಯಲು ಹೋದವರು. ಅವರು ಸತ್ತದ್ದು ಖಚಿತವಾಗಲು ಮನೆಯವರು 2018ರ ಮಾರ್ಚ್ ತನಕ ಕಾಯಬೇಕಾಯಿತು.

ಪ್ರಶ್ನೆ: ವಿಮಾನ ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಬ್ಯಾಗ್ ಕಂಡರೆ? (ಬಜ್ಪೆ)

ಉತ್ತರ: ಮುಟ್ಟಬೇಡಿ, ಸರಿಸಬೇಡಿ, ದೂರ ಹೋಗಿ ಭದ್ರತೆಯವರಿಗೆ ಹೇಳಿ. ನಿಮ್ಮೂರಿನ ನಿಲ್ದಾಣದಲ್ಲೇ 2020ರ ಜನವರಿ 20ರಂದು ಹೀಗೆ ಬಿಟ್ಟುಹೋದ ಬ್ಯಾಗಿನಲ್ಲಿ ಸ್ಫೋಟಕ ಸಿಕ್ಕಿ, ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಬೇಕಾಯಿತು. ಭದ್ರತಾ ಸಿಬ್ಬಂದಿ ಅದನ್ನು ಗಮನಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ವಿದೇಶದ ನಿಲ್ದಾಣಗಳಲ್ಲಿ ಟಿಕೆಟ್ ಕೌಂಟರಿನ ಹಜಾರದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಡಿ. 2016ರ ಮಾರ್ಚ್ 22ರಂದು ಬ್ರಸೆಲ್ಸ್‌ನಲ್ಲಿ ಬಾಂಬ್ ಸಿಡಿದದ್ದು ತಪಾಸಣೆಗೆ ಮೊದಲಿನ ಆ ಹಜಾರದಲ್ಲೇ. ಮನೆಯಿಂದಲೇ ಚೆಕ್-ಇನ್ ಮಾಡಿ, ಬ್ಯಾಗ್ ಕೊಟ್ಟು, ಬೇಗ ತಪಾಸಣೆ ದಾಟಿ ಒಳಗೆ ಹೋಗಿ ಕುಳಿತುಕೊಳ್ಳಿ.

ಪ್ರಶ್ನೆ: ಟಿವಿಯಲ್ಲಿ ಸುದ್ದಿ ಬರುತ್ತದೆ, ಮಗನ ಫೋನ್ ಹತ್ತುವುದಿಲ್ಲ. ಮನೆಯಲ್ಲಿ ಕೂತ ನಾವು ಏನು ಮಾಡುವುದು? (ಕುಂದಾಪುರ)

ಉತ್ತರ: ಅಮ್ಮ, ಫೋನ್ ಹತ್ತದಿದ್ದರೆ ಏನೋ ಆಗಿದೆ ಎಂದು ತಿಳಿಯಬೇಡಿ. ಇಡೀ ಊರು ಒಮ್ಮೆಲೇ ಫೋನ್ ಮಾಡುವುದರಿಂದ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಕರೆ ಹೋಗದಿದ್ದಾಗಲೂ ಎಸ್ಎಂಎಸ್ ತಡವಾಗಿಯಾದರೂ ಹೋಗುತ್ತದೆ. ಒಂದು ಎಸ್ಎಂಎಸ್ ಹಾಕಿ ಬಿಡಿ. ಮಗ ಅಡಗಿ ಕುಳಿತಿದ್ದರೆ ನಿಮ್ಮ ಕರೆಯ ಸದ್ದೇ ಅವನಿಗೆ ಅಪಾಯ.

ಮನೆಯಲ್ಲಿ ಒಬ್ಬರನ್ನು ಮಾತ್ರ ಸಂಪರ್ಕಕ್ಕೆ ನೇಮಿಸಿ. ಮಗ ಆ ಒಬ್ಬರಿಗೆ 'ಸೇಫ್' ಎಂದು ಕಳಿಸಿದರೆ ಉಳಿದ ನೆಂಟರಿಗೆ ತಿಳಿಸುವುದು ಅವರ ಕೆಲಸ. ಈಗಲೇ ಒಂದು ಕಡತ ಮಾಡಿಡಿ: ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಪ್ರತಿ, ವೀಸಾ ಅಥವಾ ಇಕಾಮಾ (ಗಲ್ಫ್ ದೇಶಗಳ ವಾಸದ ಪರವಾನಗಿ) ಪ್ರತಿ, ಕಂಪೆನಿಯ ಹೆಸರು, ಮೇಲಧಿಕಾರಿಯ ಮತ್ತು ಕೋಣೆಯ ಜತೆಗಾರರ ನಂಬರ್, ವಾಸದ ವಿಳಾಸ, ಇತ್ತೀಚಿನ ಫೋಟೊ, ಮೈಮೇಲಿನ ಗುರುತು. ಮೊದಲು ಜತೆಗಾರರಿಗೆ, ಬಳಿಕ ಕಂಪೆನಿಗೆ, ಅಲ್ಲಿಯೂ ತಿಳಿಯದಿದ್ದರೆ ಆ ದೇಶದ ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರಿಗೆ ಸಂಪರ್ಕಿಸಿ. ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ, ಬರೆದಿಟ್ಟುಕೊಳ್ಳಿ. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೂ ವಿವರ ಕೊಡಿ, ಬೆಂಗಳೂರು ಮತ್ತು ದಿಲ್ಲಿಗೆ ಪಟ್ಟಿ ಹೋಗುವುದು ಅಲ್ಲಿಂದ.

ಮಗ ಅಡಗಿರುವ ಜಾಗವನ್ನು ಯಾರಿಗೂ, ಯಾವ ಗ್ರೂಪಿಗೂ ಹೇಳಬೇಡಿ. ಮುಂಬಯಿ ದಾಳಿಯ ಹೊತ್ತಿನಲ್ಲಿ ಟಿವಿಯ ನೇರ ಪ್ರಸಾರ ನೋಡಿ ಗಡಿಯಾಚೆ ಕೂತವರು ಉಗ್ರರಿಗೆ ಸೂಚನೆ ಕೊಟ್ಟಿದ್ದರು. ಅಪಹರಣವಾಗಿದೆ ಎಂದು ತಿಳಿದರಂತೂ ಮಾಧ್ಯಮದವರ ಮುಂದೆ ಮಗನ ಸಂಬಳ, ಆಸ್ತಿ, ಹುದ್ದೆಯ ಮಾತು ಬೇಡವೇ ಬೇಡ. ಬಿಡಿಸಿಕೊಡುತ್ತೇವೆ, ಹಣ ಹಾಕಿ ಎಂದು ಬರುವ ಕರೆಗಳ ನಂಬರನ್ನು ಪೊಲೀಸರಿಗೆ ಕೊಡಿ, ಹಣ ಹಾಕಬೇಡಿ.

ಪ್ರಶ್ನೆ: ಟ್ರಾವೆಲ್ ಇನ್ಶೂರೆನ್ಸ್ ಮಾಡಿದ್ದೇವೆ. ಉಗ್ರರ ದಾಳಿಯೂ ಸೇರುತ್ತದಲ್ಲ? (ಸುರತ್ಕಲ್)

ಉತ್ತರ: ಪಾಲಿಸಿಯ ಹೊರತುಪಡಿಸಿದ ವಿಷಯಗಳ ಪುಟ ಓದದೆ ಹೇಳಲಾಗದು. ಯುದ್ಧಕ್ಕೆ ಸಾಮಾನ್ಯವಾಗಿ ಪರಿಹಾರ ಇಲ್ಲ. ಭಯೋತ್ಪಾದನೆಯಲ್ಲಿ ಆಸ್ಪತ್ರೆ ಖರ್ಚು ಮಾತ್ರ ಕೊಟ್ಟು, ಪ್ರವಾಸ ರದ್ದಾದ ನಷ್ಟ ಕೊಡದ ಪಾಲಿಸಿಗಳಿವೆ. ಹೋಗಬೇಡಿ ಎಂದು ಸರಕಾರ ಹೇಳಿದ ಮೇಲೆ ಹೋದರೆ ಕ್ಲೇಮ್ ತಿರಸ್ಕರಿಸುವವರೂ ಇದ್ದಾರೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕೇಳುವ 30,000 ಯೂರೊ ವೈದ್ಯಕೀಯ ರಕ್ಷಣೆ ಕನಿಷ್ಠ ಮೊತ್ತ, ಅದೇ ಸಾಕು ಎಂದು ನಿಲ್ಲಿಸಬೇಡಿ. ಏಜೆಂಟರಿಗೆ ಇಮೇಲ್ ಮಾಡಿ ನೇರ ಕೇಳಿ: ದಾಳಿಯಲ್ಲಿ ಗಾಯವಾದರೆ, ದಾಳಿಯಿಂದ ವಿಮಾನ ರದ್ದಾದರೆ, ಗಾಯಾಳುವನ್ನು ಮಂಗಳೂರಿಗೆ ತರಬೇಕಾದರೆ ಎಷ್ಟೆಷ್ಟು? ಬಂದ ಉತ್ತರವನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಹಡಗಿನಲ್ಲಿ ಕೆಲಸ. ಕೆಂಪು ಸಮುದ್ರಕ್ಕೆ ಹೋಗುವುದಿಲ್ಲ ಎನ್ನಬಹುದೇ? (ಮೂಲ್ಕಿ)

ಉತ್ತರ: ನಿಮ್ಮ ಕರಾರು ಐಬಿಎಫ್ ಒಪ್ಪಂದದ (ನಾವಿಕರ ಸಂಘಟನೆಗಳಿಗೂ ಹಡಗು ಕಂಪೆನಿಗಳಿಗೂ ಆದ ಅಂತಾರಾಷ್ಟ್ರೀಯ ಒಪ್ಪಂದ) ಅಡಿ ಇದ್ದು, ಆ ಪ್ರದೇಶವನ್ನು ಯುದ್ಧಸದೃಶ ವಲಯ ಎಂದು ಗುರುತಿಸಿರುವ ತನಕ ನಿರಾಕರಿಸುವ ಹಕ್ಕಿದೆ. ಊರಿಗೆ ಕಳಿಸುವ ಖರ್ಚು ಕಂಪೆನಿಯದು. ಆದ್ದರಿಂದ ಸೈನ್ ಆನ್ ಮಾಡುವ ಮೊದಲೇ ಕರಾರಿನಲ್ಲಿ ಐಬಿಎಫ್ ಹೆಸರಿದೆಯೇ ನೋಡಿ. ಹೋಗಲು ಒಪ್ಪಿದರೆ ಸಿಟಡೆಲ್ ಅಭ್ಯಾಸವನ್ನು ಹಗುರವಾಗಿ ನೋಡಬೇಡಿ. ಶತ್ರುಗಳು ಹಡಗು ಹತ್ತಿದಾಗ ಎಲ್ಲರೂ ಆ ಭದ್ರ ಕೋಣೆಯ ಒಳಗಿರಬೇಕು. ಒಬ್ಬರೇ ಒಬ್ಬರು ಹೊರಗುಳಿದರೂ ಅವರು ಒತ್ತೆಯಾಳಾಗುತ್ತಾರೆ, ನೌಕಾಪಡೆ ನುಗ್ಗಿ ಬರಲಾಗುವುದಿಲ್ಲ.

ಪ್ರಶ್ನೆ: ಆತ್ಮರಕ್ಷಣೆಗೆ ಮಗಳ ಬ್ಯಾಗಿನಲ್ಲಿ ಪೆಪ್ಪರ್ ಸ್ಪ್ರೇ ಹಾಕಿ ಕಳಿಸಲೇ? (ಕಾರ್ಕಳ)

ಉತ್ತರ: ಬೇಡ. ವಿಮಾನದ ಕ್ಯಾಬಿನ್ನಿಗೆ ಬಿಡುವುದಿಲ್ಲ. ಬ್ರಿಟನ್ನಿನಲ್ಲಿ ಅದನ್ನು ಬಂದೂಕಿನ ಕಾನೂನಿನ ಅಡಿಯಲ್ಲೇ ನಿಷೇಧಿಸಿದ್ದಾರೆ, ಇಟ್ಟುಕೊಂಡರೆ ಬಂಧನವಾಗಬಹುದು. ಬದಲಿಗೆ ಒಂದು ಸೀಟಿ, ಬೆರಳುದ್ದದ ಟಾರ್ಚ್, ಬಾಗಿಲಿನಡಿ ತುರುಕುವ ರಬ್ಬರ್ ಬೆಣೆ, 20,000 ಎಂಎಎಚ್‌ಗೆ ಮೀರದ ಪವರ್‌ಬ್ಯಾಂಕ್ ಮತ್ತು ಒಂದು ಬೈರಾಸು ಹಾಕಿ ಕಳಿಸಿ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿನಲ್ಲಿ ಹಾಕಿದರೆ ಬಜ್ಪೆಯಲ್ಲೇ ತೆಗೆಸುತ್ತಾರೆ.